ಮುಖಗಳ ಮೇಲೆ ನಡೆದು ಬಂದ ಫ್ಯಾಬ್ರಿಕೇಟರನ ವರದಿ: ಬರ್ಲಿನ್ ಯಹೂದಿ ಮ್ಯೂಸಿಯಂ

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಬರ್ಲಿನ್‌ನ ಯಹೂದಿ ಮ್ಯೂಸಿಯಂನಲ್ಲಿ ಕಾಯಂ ಪ್ರದರ್ಶನಕ್ಕೆ ಪ್ರವೇಶ ಉಚಿತ. ಆದರೂ ಆನ್‌ಲೈನ್‌ನಲ್ಲಿ ಹೊತ್ತು ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು. ಆಗಾಗ ಬದಲಾಗುವ ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಹಾಲೆಶೆಸ್ ಟೋರ್ ಮೆಟ್ರೋ ಸ್ಟೇಷನ್ನಿನಿಂದ ನಡೆದೇ ಹೋಗಬಹುದು, ಲಿಂಡೆನ್ ರಸ್ತೆಯಲ್ಲಿದೆ. ಬಾಗಿಲಲ್ಲಿ ವಿಮಾನ ನಿಲ್ದಾಣದ ಥರ ತಪಾಸಣೆ ಇರುತ್ತದೆ, ಬೆಲ್ಟು, ಬ್ಯಾಗು ಎಲ್ಲ ಟ್ರೇಗೆ. ಮಧ್ಯಾಹ್ನ ಊಟ ಮಾಡಿ ಹೋದರೆ ಸಂಜೆ ಆರಕ್ಕೆ ಮುಚ್ಚುವಷ್ಟರಲ್ಲಿ ಅರ್ಧ ಉಳಿದಿರುತ್ತದೆ. ಬೆಳಿಗ್ಗೆ ಹತ್ತಕ್ಕೇ ಹೋಗಿ.

ಇನ್ನು, ಈ ರಿವ್ಯೂ ಬರೆಯಲು ನನಗೇನು ಅರ್ಹತೆ ಎಂದು ಕೇಳಿದರೆ, ಕಲೆಯ ವಿಷಯದಲ್ಲಿ ಏನೂ ಇಲ್ಲ. ಪೀಣ್ಯದಲ್ಲಿ ನನ್ನದೊಂದು ಫ್ಯಾಬ್ರಿಕೇಷನ್ ಶೆಡ್ ಇತ್ತು. ಗೇಟು, ಗ್ರಿಲ್ಲು, ಶೀಟ್ ಚಾವಣಿಯ ಟ್ರಸ್ಸು, ಯಾವುದೋ ಫ್ಯಾಕ್ಟರಿಯ ಮೆಜ್ಜನೈನ್. ಈಗ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಮಗಳು, ಅಳಿಯ ಇಬ್ಬರೂ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಾರೆ, ನಾವಿಬ್ಬರು ಬೇಸಿಗೆಗೆ ಹೋಗಿದ್ದೆವು. ‘ಅಪ್ಪಾ, ಇದು ನಿಮ್ಮ ಮ್ಯೂಸಿಯಂ, ಬರೀ ಕಬ್ಬಿಣ, ಕಾಂಕ್ರೀಟು’ ಎಂದು ಮಗಳು ಕರೆದೊಯ್ದಳು. ಹಾಗಾಗಿ ಇದನ್ನು ಕಬ್ಬಿಣ ಬಲ್ಲವನ ಅಭಿಪ್ರಾಯ ಎಂದು ಓದಿಕೊಳ್ಳಿ.

ಯುದ್ಧ, ನರಮೇಧ ಇಂಥವುಗಳ ನೆನಪಿಗೆ ಏನಾದರೂ ಕಟ್ಟುವವರು ಸಾಮಾನ್ಯವಾಗಿ ವಸ್ತುವಿಗೆ ಒಂದು ಅರ್ಥ ಹೊರಿಸುತ್ತಾರೆ. ಈ ಕಲ್ಲು ತ್ಯಾಗ, ಆ ಮರ ಭರವಸೆ, ಈ ಮಣ್ಣು ತಾಯ್ನಾಡು ಅಂತ. ಪಕ್ಕದಲ್ಲಿ ಒಂದು ಫಲಕ. ಫಲಕ ಕಿತ್ತರೆ ಕಲ್ಲು ಬರೀ ಕಲ್ಲು. ನಾನು ಅಲ್ಲಿ ಓಡಾಡುವಾಗ ಇಟ್ಟುಕೊಂಡ ಪರೀಕ್ಷೆ ಅದೇ: ಫಲಕ ಇಲ್ಲದಿದ್ದರೂ ಈ ವಸ್ತು ಕೆಲಸ ಮಾಡುತ್ತದೆಯೇ? ಕೆಲವು ಕಡೆ ಮಾಡುತ್ತದೆ, ಕೆಲವು ಕಡೆ ಮಾಡುವುದಿಲ್ಲ. ಒಂದು ಕಡೆ ಮಾತ್ರ ಎಷ್ಟು ಮಾಡುತ್ತದೆಂದರೆ, ಆ ಒಂದಕ್ಕಾಗಿಯೇ ನಾನು ಇದನ್ನು ಬರೆಯಲು ಕೂತದ್ದು.

ಕಟ್ಟಡದಿಂದ ಶುರುಮಾಡುತ್ತೇನೆ. ಮುಂದಿರುವುದು 1735ರ ಹಳೆಯ ಕಟ್ಟಡ, ಪ್ರಷ್ಯಾ ರಾಜರ ಕಾಲದಲ್ಲಿ ನ್ಯಾಯಾಲಯವಾಗಿತ್ತಂತೆ. ಪಕ್ಕದಲ್ಲಿ ಅಂಕುಡೊಂಕಾಗಿ ಬಿದ್ದಿರುವ ಲೋಹದ ಕಟ್ಟಡ ಡೇನಿಯಲ್ ಲೀಬೆಸ್ಕಿಂಡ್ ಅವರದು. 1946ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು, ಅವರ ಮನೆತನದ ಬಹುಪಾಲು ಜನ ಹಿಟ್ಲರನ ನಾತ್ಸಿಗಳ ಕೈಯಲ್ಲಿ ಸತ್ತವರು. 1989ರಲ್ಲಿ, ಬರ್ಲಿನ್ ಗೋಡೆ ಬಿದ್ದ ವರ್ಷವೇ, ವಿನ್ಯಾಸದ ಸ್ಪರ್ಧೆ ಗೆದ್ದರು. ಕಟ್ಟಡ 1999ರಲ್ಲಿ ಮುಗಿಯಿತು, ಪ್ರದರ್ಶನ ತೆರೆದದ್ದು 2001ರಲ್ಲಿ. ನಡುವಿನ ಕಾಲದಲ್ಲಿ ಖಾಲಿ ಕಟ್ಟಡವನ್ನೇ ಸುಮಾರು ಮೂರೂವರೆ ಲಕ್ಷ ಜನ ಬಂದು ನೋಡಿದರು. ಸರಕಿಲ್ಲದ ಗೋಡೌನ್ ನೋಡಲು ಇಷ್ಟು ಜನ ಸಾಲು ನಿಂತಿದ್ದನ್ನು ನಾನಂತೂ ಕೇಳಿಲ್ಲ. ಸಾರ್ವಜನಿಕರಿಗೆ ಬಾಗಿಲು ತೆರೆಯಬೇಕಿದ್ದ ದಿನ 2001ರ ಸೆಪ್ಟೆಂಬರ್ 11. ಅವತ್ತು ನ್ಯೂಯಾರ್ಕ್‌ನಲ್ಲಿ ಆದದ್ದು ಗೊತ್ತೇ ಇದೆ. ಎರಡು ದಿನ ತಡವಾಗಿ ತೆರೆದರು.

ಹೊರಮೈಗೆ ಸತುವಿನ ತಗಡು. ಹೊಸದರಲ್ಲಿ ಬೆಳ್ಳಿಯಂತೆ ಹೊಳೆಯುವ ಸತು, ಗಾಳಿಮಳೆಗೆ ನಿಧಾನವಾಗಿ ಮೇಲ್ಪದರ ಕಟ್ಟಿಕೊಂಡು ನೀಲಿಗಪ್ಪಿಗೆ ತಿರುಗುತ್ತದೆ. ಆ ಪದರವೇ ಒಳಗಿನ ಲೋಹಕ್ಕೆ ಕಾವಲು. ಬಣ್ಣ ಬೇಕಿಲ್ಲ, ಪಾಲಿಶ್ ಬೇಕಿಲ್ಲ. ಕಿಟಕಿಗಳು ಕಿಟಕಿಯ ಹಾಗಿಲ್ಲ, ತಗಡಿಗೆ ಯಾರೋ ಸಿಟ್ಟಿನಲ್ಲಿ ಮಚ್ಚು ಬೀಸಿದ ಗುರುತುಗಳ ಹಾಗಿವೆ. ಒಂದೂ ಮಟ್ಟಕ್ಕಿಲ್ಲ, ಒಂದೂ ಕೋನಕ್ಕಿಲ್ಲ. ನಮ್ಮ ಕಸುಬಿನವರಿಗೆ ಮಾತ್ರ ಅರ್ಥವಾಗುವ ಮಾತು ಹೇಳುತ್ತೇನೆ: ಅಂಥ ಓರೆ ಸೀಳುಗಳ ಸುತ್ತ ತಗಡು ಮಡಿಸಿ ಅಂಚು ಕಟ್ಟಿದವನಿಗೆ ಕೈ ಮುಗಿಯಬೇಕು.

ಈ ಹೊಸ ಕಟ್ಟಡಕ್ಕೆ ರಸ್ತೆಯಿಂದ ಬಾಗಿಲೇ ಇಲ್ಲ. ಹಳೆಯ ನ್ಯಾಯಾಲಯದೊಳಗೆ ಹೋಗಿ, ಮೆಟ್ಟಿಲಿಳಿದು, ನೆಲದಡಿಯಿಂದ ಅದರೊಳಕ್ಕೆ ಹೋಗಬೇಕು. ಕೆಳಗೆ ಮೂರು ದಾರಿ. ಒಂದು ಮೇಲಿನ ಪ್ರದರ್ಶನಕ್ಕೆ, ಒಂದು ದೇಶಭ್ರಷ್ಟರ ತೋಟಕ್ಕೆ, ಒಂದು ಯಹೂದಿ ಹತ್ಯಾಕಾಂಡದ ಗೋಪುರಕ್ಕೆ. ನೆಲ ಸ್ವಲ್ಪ ಏರುತ್ತದೆ, ಚಾವಣಿ ಅಷ್ಟು ಏರುವುದಿಲ್ಲ. ಗೋಪುರದ ದಾರಿಯಲ್ಲಿ ಗಾಜಿನ ಹಿಂದೆ ಕೊಲೆಯಾದವರು ಬಿಟ್ಟುಹೋದ ಕಾಗದ, ಫೋಟೊ, ಮನೆಬಳಕೆಯ ಸಾಮಾನು. ಪ್ರತಿಯೊಂದಕ್ಕೂ ಹೆಸರಿದೆ. ಇದನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಗೋಪುರ ಎಂದರೆ 24 ಮೀಟರ್ ಎತ್ತರದ ಬರೀ ಕಾಂಕ್ರೀಟ್ ಬಾವಿ. ಹೀಟರ್ ಇಲ್ಲ, ದೀಪ ಇಲ್ಲ. ಮೇಲೆಲ್ಲೋ ಒಂದು ಸೀಳಿನಿಂದ ಬೆಳಕು ಬರುತ್ತದೆ. ಭಾರದ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಹೊರಗಿನ ರಸ್ತೆಯ ಸದ್ದು ಕೇಳುತ್ತಿರುತ್ತದೆ, ನೀವು ಅಲ್ಲಿಗೆ ಹೋಗಲಾರಿರಿ. ಗೋಡೆಯಲ್ಲಿ ಒಂದು ಕಬ್ಬಿಣದ ಏಣಿ, ಆದರೆ ಮೊದಲ ಮೆಟ್ಟಿಲೇ ಕೈಗೆ ಎಟುಕುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ರಿಪೇರಿಯವರಿಗೆ ಹಾಕಿದ ಮಾಮೂಲಿ ಏಣಿ. ಜನ ಅದನ್ನೇ ನೋಡುತ್ತ ನಿಂತಿದ್ದರು. ಫಲಕ ಬೇಕಾಗಲಿಲ್ಲ. ಕಾಂಕ್ರೀಟಿನ ಥಂಡಿ ಬೆನ್ನಿಗೆ ತಾಗಿದ ಮೇಲೆ ಯಾರಾದರೂ ಬಂದು ಏನನ್ನಾದರೂ ವಿವರಿಸಿದರೆ ಕಿರಿಕಿರಿಯಾಗುತ್ತದೆ.

ತೋಟದ ವಿಷಯ ಬೇರೆ. 49 ಕಾಂಕ್ರೀಟ್ ಕಂಬಗಳು, ಏಳೇಳರ ಸಾಲು. ನೆಲ ಹನ್ನೆರಡು ಡಿಗ್ರಿ ವಾಲಿದೆ, ಕಂಬಗಳು ಆ ವಾಲಿದ ನೆಲಕ್ಕೆ ನೇರವಾಗಿ ನಿಂತಿವೆ. ಅಂದರೆ ತೂಗುಗುಂಡು ಇಳಿಬಿಟ್ಟರೆ ಒಂದೂ ನೆಟ್ಟಗಿಲ್ಲ. ಕಣ್ಣು ಕಂಬವನ್ನು ನಂಬುತ್ತದೆ, ಕಾಲು ನೆಲವನ್ನು ನಂಬುತ್ತದೆ, ಎರಡಕ್ಕೂ ಹೊಂದಾಣಿಕೆಯಾಗದೆ ತಲೆ ಸುತ್ತುತ್ತದೆ. ಬೇರೆ ದೇಶಕ್ಕೆ ಓಡಿಹೋದವನ ಸ್ಥಿತಿ ಅದೇ ಎಂದು ಅವರ ಆಶಯ. ಇಲ್ಲಿಯವರೆಗೆ ಚೆನ್ನಾಗಿದೆ. ಆದರೆ ಆಮೇಲೆ ಸಂಕೇತಗಳ ಲೆಕ್ಕಪತ್ರ ಶುರು. 48 ಕಂಬಗಳೊಳಗೆ ಬರ್ಲಿನ್ ಮಣ್ಣು, 1948ರಲ್ಲಿ ಇಸ್ರೇಲ್ ಹುಟ್ಟಿದ್ದಕ್ಕೆ. ನಡುವಿನ ಒಂದರಲ್ಲಿ ಜೆರುಸಲೇಮಿನ ಮಣ್ಣು. ಅದು ಬರ್ಲಿನ್ ನಗರಕ್ಕೆ. ಮೇಲೆ ಆಲಿವ್ ಥರದ ಗಿಡಗಳು, ಭರವಸೆಗೆ. ಮಣ್ಣು ಇರುವುದು ತಲೆಗಿಂತ ಎಷ್ಟೋ ಮೇಲೆ, ಕಾಂಕ್ರೀಟಿನ ಒಳಗೆ. ನೋಡಲು ಆಗದು, ಮುಟ್ಟಲು ಆಗದು, ಮೂಸಲು ಆಗದು. ಅದು ಜೆರುಸಲೇಮಿನದೋ ದೇವನಹಳ್ಳಿಯದೋ ಎಂಬುದನ್ನು ಓದಿಯೇ ನಂಬಬೇಕು. ಗಿಡದ ಬೇರಿಗೆ ಗೊತ್ತಿರಬಹುದು, ನನ್ನ ಕಾಲಿಗೆ ಗೊತ್ತಾಗಲಿಲ್ಲ. ನನ್ನ ಪರೀಕ್ಷೆಯಲ್ಲಿ ವಾಲಿದ ನೆಲ ಪಾಸು, ಮಣ್ಣು ಫೇಲು. ಮಗಳು ಒಪ್ಪಲಿಲ್ಲ, ‘ನಿಮ್ಮ ಮನೆ ತಳಪಾಯಕ್ಕೆ ನವಧಾನ್ಯ ಹಾಕಿ ಮುಚ್ಚಿದಿರಲ್ಲ, ಅದು ಯಾರಿಗೆ ಕಾಣುತ್ತೆ’ ಎಂದಳು. ಅದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಈಗ ಕಬ್ಬಿಣಕ್ಕೆ ಬರುತ್ತೇನೆ.

ಲೀಬೆಸ್ಕಿಂಡ್ ಕಟ್ಟಡದ ಉದ್ದಕ್ಕೂ ತಳದಿಂದ ತುದಿಯವರೆಗೆ ಖಾಲಿ ಬಿಟ್ಟ ಕಾಂಕ್ರೀಟ್ ಕೊಳವೆಗಳಿವೆ. ಇಲ್ಲದವರ ಜಾಗ ಎಂದು ಬಿಟ್ಟದ್ದು. ಅವುಗಳಲ್ಲಿ ಒಂದರ ನೆಲದ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಮುಖಗಳು ಬಿದ್ದಿವೆ. ದಪ್ಪ ಕಬ್ಬಿಣದ ಪ್ಲೇಟಿನಿಂದ ಒರಟಾಗಿ ಕತ್ತರಿಸಿದ ದುಂಡು ಮುಖಗಳು. ಎರಡು ಕಣ್ಣು, ಒಂದು ಮೂಗು, ತೆರೆದ ಬಾಯಿ. ಮಾಡಿದವರು ಟೆಲ್ ಅವೀವ್‌ನ ಮೆನಾಶೆ ಕಾದಿಶ್‌ಮನ್, ಹೆಸರು ‘ಶಲೆಖೆತ್’, ಅಂದರೆ ಉದುರಿದ ಎಲೆಗಳು. 1932ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಈ ಮನುಷ್ಯ ಹರೆಯದಲ್ಲಿ ಕುರಿ ಕಾಯುತ್ತಿದ್ದರಂತೆ. 1978ರಲ್ಲಿ ವೆನಿಸ್‌ನ ದೊಡ್ಡ ಕಲಾಮೇಳಕ್ಕೆ ನಿಜವಾದ ಕುರಿಗಳನ್ನೇ ಬಣ್ಣ ಬಳಿದು ತಂದು ನಿಲ್ಲಿಸಿದ್ದರು. ಆಮೇಲೆ 1997ರಿಂದ 2001ರವರೆಗೆ ಈ ಮುಖಗಳ ಕೆಲಸ.

ನೋಡಿದ ತಕ್ಷಣ ನನ್ನ ತಲೆ ಶೆಡ್ಡಿಗೆ ಹೋಯಿತು. ನನ್ನ ಕಣ್ಣಿಗೆ ಇದು ಗ್ಯಾಸ್ ಕಟಿಂಗ್ ಕೆಲಸ. ಲೇಸರ್‌ನಲ್ಲಿ ಕತ್ತರಿಸಿದರೆ ಅಂಚು ನೀಟಾಗಿ ಬರುತ್ತದೆ, ಇಲ್ಲಿ ಅಂಚು ತರಿತರಿ. ಗ್ರೈಂಡಿಂಗ್ ಮಾಡಿಲ್ಲ. ರೆಡ್ ಆಕ್ಸೈಡ್ ಹೊಡೆದಿಲ್ಲ. ತುಕ್ಕಿಗೆ ಬಿಟ್ಟಿದ್ದಾರೆ. ನನ್ನ ಶೆಡ್ಡಿನಲ್ಲಿ ಹುಡುಗರು ಹೀಗೆ ಕತ್ತರಿಸಿ ತಂದಿದ್ದರೆ ವಾಪಸ್ ಕಳಿಸುತ್ತಿದ್ದೆ. ಹತ್ತು ಸಾವಿರ ಪೀಸು ಒಂದೇ ನಮೂನೆ ಎಂದರೆ ಅದು ಪ್ರೊಡಕ್ಷನ್ ಆರ್ಡರು. ಹಾಗೆಂದುಕೊಂಡ ಕೂಡಲೇ ಹೊಟ್ಟೆಯಲ್ಲಿ ಏನೋ ಆಯಿತು. ಅರವತ್ತು ಲಕ್ಷ ಯಹೂದಿಗಳನ್ನು ಕೊಂದದ್ದೂ ಹಾಗೇ ತಾನೇ. ಪಟ್ಟಿ, ರೈಲು, ಟೈಮ್‌ಟೇಬಲ್ಲು, ದಿನಕ್ಕೆ ಇಷ್ಟು. ಕಾರ್ಖಾನೆ ನಡೆಸುವ ಬುದ್ಧಿಯೇ ಅಲ್ಲೂ ಓಡಿದ್ದು. ಆದರೆ ಬಗ್ಗಿ ನೋಡಿದರೆ ಇಲ್ಲಿ ಒಂದು ಮುಖದಂತೆ ಇನ್ನೊಂದಿಲ್ಲ. ಒಂದರ ಬಾಯಿ ಸೊಟ್ಟ, ಒಂದರ ಕಣ್ಣು ಸಣ್ಣ, ಕೆಲವು ದೊಡ್ಡವು, ಕೆಲವು ಮಗುವಿನ ಮುಖದಷ್ಟು. ಕತ್ತರಿಸುವವನ ಕೈ ಅಲ್ಲಾಡಿದ್ದನ್ನು ಸರಿಮಾಡದೆ ಬಿಟ್ಟದ್ದರಿಂದ ಬಂದ ಗುಣ ಅದು. ನಾನು ರಿಜೆಕ್ಟ್ ಮಾಡುತ್ತಿದ್ದ ದೋಷದಿಂದಲೇ ಇಲ್ಲಿ ಒಬ್ಬೊಬ್ಬರು ಬೇರೆಬೇರೆಯಾಗಿದ್ದಾರೆ.

ಇನ್ನೊಂದು ಯೋಚನೆ ಬಂತು, ಇದು ಯಾವ ಗೈಡೂ ಹೇಳುವುದಿಲ್ಲ. ಪ್ಲೇಟಿನಲ್ಲಿ ಕಣ್ಣು, ಬಾಯಿ ಕತ್ತರಿಸಿದರೆ ಅಷ್ಟು ತುಂಡು ಕೆಳಗೆ ಬೀಳುತ್ತದೆ. ಹತ್ತು ಸಾವಿರ ಮುಖ ಎಂದರೆ ಇಪ್ಪತ್ತು ಸಾವಿರ ಕಣ್ಣು, ಹತ್ತು ಸಾವಿರ ಬಾಯಿ. ಆ ತುಂಡುಗಳೆಲ್ಲ ಎಲ್ಲಿ ಹೋದವು? ಕಸುಬು ಬಲ್ಲವನಿಗೆ ಉತ್ತರ ಒಂದೇ: ತೂಕಕ್ಕೆ ಹಾಕಿರುತ್ತಾರೆ.

ಈ ಮುಖಗಳ ಮೇಲೆ ನಡೆಯಬಹುದು. ಯಾರೂ ಬಲವಂತ ಮಾಡುವುದಿಲ್ಲ, ಅಂಚಿನಲ್ಲಿ ನಿಂತು ನೋಡಿ ಹಿಂತಿರುಗುವವರೂ ಇದ್ದಾರೆ. ನನ್ನ ಹೆಂಡತಿ ಅಂಚಿನಲ್ಲೇ ನಿಂತಳು. ‘ಮುಖದ ಮೇಲೆ ಕಾಲಿಡೋದಾ? ನಾನು ಬರಲ್ಲ’ ಎಂದಳು. ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು, ಅದರಲ್ಲಿ ಚರ್ಚೆಯೇ ಇಲ್ಲ. ನಾನು ಇಳಿದೆ. ಪ್ಲೇಟು, ಕಟ್‌ಪೀಸಿನ ಮೇಲೆ ಓಡಾಡಿಯೇ ಮುಪ್ಪಾದವನಿಗೆ ಹೊಸದೇನಿದೆ ಎಂಬ ಧೈರ್ಯ.

ಹೊಸದು ಇತ್ತು. ಒಂದಕ್ಕೂ ವೆಲ್ಡಿಂಗ್ ಇಲ್ಲ. ಒಂದರ ಮೇಲೊಂದು ಸುಮ್ಮನೆ ಬಿದ್ದಿವೆ, ಕೆಳಗಡೆ ಸಂದು. ಪ್ಲೇಟನ್ನು ನೆಲಕ್ಕೆ ಅದುಮಿ ಹಿಡಿದರೆ ಹೊಡೆದರೂ ‘ದಡ್’ ಎಂದು ಸತ್ತ ಸದ್ದು ಬರುತ್ತದೆ, ಬಿಡಿಯಾಗಿದ್ದರೆ ‘ಗಣ್’ ಎಂದು ಮೊಳಗುತ್ತದೆ. ಅಲ್ಲೊಂದು ಇಲ್ಲೊಂದು ಟ್ಯಾಕ್, ಅಂದರೆ ಚುಕ್ಕೆ ವೆಲ್ಡಿಂಗ್, ಹಾಕಿದ್ದರೂ ಈ ಇಡೀ ಕೃತಿ ಮೂಕಾಗಿಬಿಡುತ್ತಿತ್ತು. ಹಾಕದೇ ಬಿಟ್ಟಿದ್ದಾರೆ. ಹೆಜ್ಜೆ ಇಟ್ಟ ಪ್ಲೇಟು ಓಲಾಡಿ ಪಕ್ಕದ್ದಕ್ಕೆ ಬಡಿಯುತ್ತದೆ, ಅದು ಇನ್ನೊಂದಕ್ಕೆ. ಮೇಲೆ ಎತ್ತರದವರೆಗೂ ಬೋಳು ಕಾಂಕ್ರೀಟು, ಸದ್ದನ್ನು ಹೀರಿಕೊಳ್ಳಲು ಬಟ್ಟೆ ಇಲ್ಲ, ಮರ ಇಲ್ಲ. ಮೆಲ್ಲಗೆ ನಡೆದರೆ ಸದ್ದು ಕಡಿಮೆಯಾಗುತ್ತದೆಂದು ಪ್ರಯತ್ನಿಸಿದೆ. ಮೆಲ್ಲಗೆ ನಡೆದಷ್ಟೂ ತೂಕ ಒಂದೇ ಕಾಲಿನ ಮೇಲೆ ಹೆಚ್ಚು ಹೊತ್ತು ನಿಂತು ಪ್ಲೇಟು ಇನ್ನಷ್ಟು ಓಲಾಡುತ್ತದೆ. ನೀವು ತುಳಿದದ್ದು ಒಬ್ಬರನ್ನು, ಕೂಗುವುದು ಪಕ್ಕದವರು. ನಿಂತುಬಿಟ್ಟರೆ ನಿಮ್ಮ ಸದ್ದು ನಿಲ್ಲುತ್ತದೆ, ಬೇರೆಯವರದು ಕೇಳುತ್ತದೆ. ವಾಪಸ್ ಬರಬೇಕಾದರೂ ಅವರನ್ನೇ ತುಳಿದು ಬರಬೇಕು.

ಇಲ್ಲಿ ಫಲಕ ಬೇಕೇ? ನನಗೆ ಬೇಕಾಗಲಿಲ್ಲ. ಇದೇ ಮುಖಗಳನ್ನು ಕಂಚಿನಲ್ಲಿ ಎರಕ ಹೊಯ್ದು ಪಾಲಿಶ್ ಮಾಡಿದ್ದರೆ ಯಾವುದೋ ಸೇನಾಪತಿಯ ಪ್ರತಿಮೆಯ ಬಂಧುಬಳಗ ಅನಿಸುತ್ತಿತ್ತು. ಕಲ್ಲಿನಲ್ಲಿ ಕೆತ್ತಿದ್ದರೆ ಗೋರಿ. ಕಬ್ಬಿಣಕ್ಕೆ ಆ ಮರ್ಯಾದೆ ಇಲ್ಲ. ಅದು ಹಳಿಯಾಗುತ್ತದೆ, ಬೇಲಿಯಾಗುತ್ತದೆ, ಗುಂಡಾಗುತ್ತದೆ, ಕೊನೆಗೆ ತೂಕಕ್ಕೆ ಹೋಗುತ್ತದೆ. ಆ ಕೊಲೆಗಳಲ್ಲಿ ಕೈಜೋಡಿಸಿದ ಲೋಹವೇ ಇಲ್ಲಿ ಸತ್ತವರ ಮುಖವೂ ಆಗಿದೆ.

ಕೊರತೆಯೂ ಹೇಳಬೇಕು. ಜನ ಜಾಸ್ತಿ ಇದ್ದಾಗ ಇದು ಆಟದ ಮೈದಾನವಾಗುತ್ತದೆ. ಒಬ್ಬ ಹುಡುಗ ಓಡುತ್ತ ಹೋದ, ಅವನಿಗೆ ಅದು ದೊಡ್ಡ ಜಾಗಟೆ. ಒಬ್ಬಳು ಎರಡು ಮುಖಗಳ ಮೇಲೆ ಕಾಲಿಟ್ಟು ಸೆಲ್ಫಿ ತೆಗೆದುಕೊಂಡಳು. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ‘ನೋಡಿದಿರಾ’ ಇತ್ತು.

ತುಳಿಯುವ ಈ ಪ್ರಶ್ನೆ ನಮ್ಮ ಮನೆಯ ಜಗಳ ಮಾತ್ರ ಅಲ್ಲ, ಜರ್ಮನಿಯದೂ ಹೌದು. ಬರ್ಲಿನ್‌ನ ಫುಟ್‌ಪಾತ್‌ಗಳಲ್ಲಿ ಮನೆಗಳ ಮುಂದೆ ಅಂಗೈ ಅಗಲದ ಹಿತ್ತಾಳೆ ಬಿಲ್ಲೆಗಳು ಕಾಣುತ್ತವೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಕಲೋನ್‌ನಲ್ಲಿ ಶುರುಮಾಡಿದ್ದು, ಈಗ ಯುರೋಪಿನಲ್ಲಿ ಒಂದು ಲಕ್ಷ ದಾಟಿವೆ. ಹತ್ತು ಸೆಂಟಿಮೀಟರ್ ಕಾಂಕ್ರೀಟ್ ಕಲ್ಲು, ಮೇಲೆ ಹಿತ್ತಾಳೆ, ಆ ಮನೆಯಿಂದ ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಸತ್ತ ಜಾಗ. ಅಕ್ಷರಗಳನ್ನು ಯಂತ್ರದಲ್ಲಿ ಹಾಕುವುದಿಲ್ಲ, ಒಂದೊಂದನ್ನೂ ಸುತ್ತಿಗೆಯಿಂದ ಹೊಡೆದು ಮೂಡಿಸುತ್ತಾರೆ. ಹಿತ್ತಾಳೆ ಕಪ್ಪಾದರೆ ಸುತ್ತಮುತ್ತಲಿನವರು ಬಂದು ಉಜ್ಜುತ್ತಾರೆ. ಆದರೆ ಮ್ಯೂನಿಕ್ ನಗರ 2004ರಿಂದ ಇವನ್ನು ಸಾರ್ವಜನಿಕ ಜಾಗದಲ್ಲಿ ಹಾಕಲು ಬಿಡುತ್ತಿಲ್ಲ. ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ, ಆ ಹತ್ಯಾಕಾಂಡದಿಂದ ಬದುಕುಳಿದ ಶಾರ್ಲೊಟ್ ಕ್ನೊಬ್ಲೋಖ್ ಅವರ ವಾದ ನನ್ನ ಹೆಂಡತಿಯದೇ: ಸತ್ತವರ ಹೆಸರನ್ನು ಮತ್ತೆ ಕಾಲಡಿಗೆ ಹಾಕಬೇಡಿ. ಅಲ್ಲಿ ಈಗ ಕಣ್ಣಿನ ಮಟ್ಟಕ್ಕೆ ಫಲಕ ಹಾಕುತ್ತಾರೆ.

ನಮ್ಮ ಕಡೆ ವೀರಗಲ್ಲುಗಳನ್ನು ಯೋಚಿಸಿ. ತುರುಗಾಳಗದಲ್ಲಿ ಸತ್ತವನನ್ನು ಕೆಳಗಿನ ಪಟ್ಟಿಯಲ್ಲಿ ಕೆತ್ತಿ, ಮೇಲೆ ಸ್ವರ್ಗ ತೋರಿಸಿದ ಕಲ್ಲುಗಳು. ಎಷ್ಟೋ ಊರಲ್ಲಿ ಅವೇ ಚರಂಡಿ ದಾಟುವ ಹಾಸುಗಲ್ಲಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ. ನಾವೂ ತುಳಿಯುತ್ತೇವೆ, ಗೊತ್ತಿಲ್ಲದೆ ತುಳಿಯುತ್ತೇವೆ. ಅಲ್ಲಿ ಗೊತ್ತುಮಾಡಿ ತುಳಿಸುತ್ತಾರೆ. ಹಿತ್ತಾಳೆ ಬಿಲ್ಲೆಯ ವಿಷಯದಲ್ಲಿ ನಾನು ಹೆಂಡತಿಯ ಪರ, ಏಕೆಂದರೆ ಅದರ ಮೇಲೆ ಹೆಸರಿದೆ, ಮತ್ತು ಅವಸರದಲ್ಲಿ ನಡೆಯುವವನು ನೋಡುವುದೂ ಇಲ್ಲ. ಕಬ್ಬಿಣದ ಮುಖಗಳ ವಿಷಯದಲ್ಲಿ ನನ್ನ ಪಕ್ಷ ಬೇರೆ. ಅಲ್ಲಿ ನೋಡದೆ ತುಳಿಯಲು ಸಾಧ್ಯವೇ ಇಲ್ಲ, ಸದ್ದು ಬಿಡುವುದಿಲ್ಲ.

ಆ ಮುಖಗಳಿಗೆ ಹೆಸರಿಲ್ಲ ಎಂಬುದೂ ಒಂದು ವಾದ. ಯಹೂದಿಗಳಿಗೆ ಮಾತ್ರ ಅಲ್ಲ, ಯುದ್ಧ ಮತ್ತು ಹಿಂಸೆಗೆ ಬಲಿಯಾದ ಎಲ್ಲರಿಗೂ ಇದು ಅರ್ಪಣೆ ಎಂದು ಅಲ್ಲಿ ಹೇಳಿದ್ದಾರೆ. ಹೊರಗೆ ಬಂದ ಮೇಲೆ ಮಗಳು ಗಾಜಾ ಎಂದಳು, ಅಳಿಯ ಅಕ್ಟೋಬರ್ 7 ಎಂದ, 2023ರಲ್ಲಿ ಇಸ್ರೇಲ್ ಮೇಲೆ ಹಮಾಸ್ ದಾಳಿ ಮಾಡಿದ ದಿನ. ಟ್ರೇನಿನಲ್ಲಿ ಅದು ಮುಂದುವರಿಯಿತು. ಎಲ್ಲರಿಗೂ ಎಂದರೆ ಯಾರಿಗೂ ಅಲ್ಲ ಎಂದಾಗುವ ಅಪಾಯ ಇಂಥ ಕಡೆ ಇರುತ್ತದೆ, ಆದರೆ ಅದೇ ಕಟ್ಟಡದ ಕೆಳಗೆ ಹೆಸರಿರುವ ಕಾಗದ, ಫೋಟೊಗಳ ದಾರಿಯನ್ನು ನಡೆದು ಬಂದವರಿಗೆ ಇಲ್ಲಿ ಹೆಸರಿಲ್ಲದ್ದು ಕೊರತೆ ಅನಿಸುವುದಿಲ್ಲ. ನೇರವಾಗಿ ಈ ಕೋಣೆಗೆ ಮಾತ್ರ ಬಂದು ಹೋಗಬೇಡಿ, ಅಷ್ಟೇ.

ವಸ್ತುವಿಗೆ ಅರ್ಥ ಹೊರಿಸುವುದಿರಲಿ, ವಸ್ತುವಿಗೇ ತನ್ನದೊಂದು ಜಾತಕ ಇರುತ್ತದೆ ಎನ್ನಲು ಇನ್ನೊಂದು ಸ್ಮಾರಕದ ಕತೆ ಹೇಳಲೇಬೇಕು. ಬ್ರಾಂಡೆನ್‌ಬುರ್ಗ್ ದ್ವಾರದ ಹತ್ತಿರ ಪೀಟರ್ ಐಸೆನ್‌ಮನ್ ವಿನ್ಯಾಸದ 2,711 ಕಾಂಕ್ರೀಟ್ ದಿಮ್ಮಿಗಳ ಮೈದಾನವಿದೆ, 2005ರಲ್ಲಿ ತೆರೆದದ್ದು. ಕಟ್ಟುವಾಗ, 2003ರಲ್ಲಿ, ಗೋಡೆಬರಹ ಹತ್ತದಂತೆ ದಿಮ್ಮಿಗಳಿಗೆ ಬಳಿಯುತ್ತಿದ್ದ ರಾಸಾಯನಿಕ ಡೆಗುಸ್ಸಾ ಕಂಪನಿಯದು ಎಂಬುದು ದೊಡ್ಡ ಗಲಾಟೆಯಾಯಿತು. ಗ್ಯಾಸ್ ಚೇಂಬರ್‌ಗಳಲ್ಲಿ ಬಳಸಿದ ಸೈಕ್ಲಾನ್-ಬಿ ವಿಷ ಒದಗಿಸಿದ್ದು ಅದೇ ಡೆಗುಸ್ಸಾದ ಪಾಲಿದ್ದ ಕಂಪನಿ. ಕೆಲಸ ನಿಲ್ಲಿಸಿದರು. ವಿಚಾರಿಸಿದರೆ, ತಳಪಾಯದ ಕಾಂಕ್ರೀಟಿಗೆ ಆಗಲೇ ಹಾಕಿದ್ದ ಒಂದು ಮಿಶ್ರಣವೂ ಅದೇ ಬಳಗದ ಕಂಪನಿಯದು. ಕಿತ್ತು ಹಾಕುವುದಾದರೆ ಏನೇನು ಕೀಳಬೇಕು? ಕೊನೆಗೆ ಅದೇ ಬಳಿತದಲ್ಲಿ ಮುಂದುವರಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಆ ಸ್ಮಾರಕದ ಅತ್ಯಂತ ನಿಜವಾದ ಭಾಗ ಆ ಕಣ್ಣಿಗೆ ಕಾಣದ ಬಳಿತವೇ. ಆ ದೇಶದಲ್ಲಿ ಪೂರ್ತಿ ಮಡಿಯಾದ ಸಾಮಾನು ಸಿಗುವುದಿಲ್ಲ ಎಂಬುದನ್ನು ಬೇರೆ ಯಾವ ಶಿಲ್ಪಿಯೂ ಇಷ್ಟು ಚೆನ್ನಾಗಿ ಹೇಳಲಾರ. ಅದಕ್ಕೂ ಅಲ್ಲಿ ಒಂದು ಫಲಕ ಇದ್ದರೆ ನಾನು ವಿರೋಧಿಸುವುದಿಲ್ಲ.

ಮತ್ತೆ ಮ್ಯೂಸಿಯಂಗೆ. ಮೇಲಿನ ಮಹಡಿಗಳ ಪ್ರದರ್ಶನ 2020ರಲ್ಲಿ ಹೊಸದಾಗಿ ಮಾಡಿದ್ದು. ಜರ್ಮನಿಯ ಯಹೂದಿಗಳ ಕತೆ ಮಧ್ಯಯುಗದಿಂದ ಇವತ್ತಿನವರೆಗೆ, ಗುಂಡಿ ಒತ್ತಿ ಕೇಳುವುದು, ಪರದೆ ಮುಟ್ಟಿ ನೋಡುವುದು ಬೇಕಾದಷ್ಟಿದೆ. ಮಕ್ಕಳಿಗೆ ಇಷ್ಟವಾಗುತ್ತದೆ. ನಾನು ಕಬ್ಬಿಣದ ಕೋಣೆಯಿಂದ ಬಂದ ಮೇಲೆ ಅಲ್ಲಿ ಮನಸ್ಸಿಟ್ಟು ನೋಡಲು ಆಗಲಿಲ್ಲ, ಆದ್ದರಿಂದ ಆ ಭಾಗಕ್ಕೆ ಮಾರ್ಕು ಕೊಡುವುದಿಲ್ಲ. ಹಳೆಯ ಕಟ್ಟಡದ ಅಂಗಳಕ್ಕೆ 2007ರಲ್ಲಿ ಗಾಜಿನ ಚಾವಣಿ ಹಾಕಿದ್ದಾರೆ, ಅದೂ ಲೀಬೆಸ್ಕಿಂಡ್ ಅವರದೇ. ನಾಲ್ಕು ಕಡೆ ಉಕ್ಕಿನ ಕಂಬಗಳು ಗೊಂಚಲಾಗಿ ಎದ್ದು ಕೊಂಬೆ ಚಾಚುತ್ತವೆ. ಅಲ್ಲಿ ಕಾಫಿ ಹಿಡಿದು ಕೂತು ಆ ಕೊಂಬೆಗಳ ಜಾಯಿಂಟು ನೋಡಿದೆ. ಅಂಥ ಫಿನಿಶಿಂಗ್‌ಗೆ ನಮ್ಮಲ್ಲಿ ಯಾರೂ ರೇಟು ಕೊಡುವುದಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಗಟ್ಟಿ ಅಡಿಯ, ಚಪ್ಪಟೆ ಶೂ ಹಾಕಿಕೊಳ್ಳಿ. ಮೊನಚು ಹೀಲ್ಸ್ ಹಾಕಿದರೆ ಆ ಬಾಯಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಂಡಿ ನೋವಿರುವವರು ತೋಟದ ಇಳಿಜಾರಿನಲ್ಲಿ ಯಾರದಾದರೂ ಕೈ ಹಿಡಿದುಕೊಳ್ಳಿ, ಮಳೆ ಬಂದಿದ್ದರೆ ಹೋಗಲೇಬೇಡಿ. ಚಳಿಗಾಲವಾದರೆ ಗೋಪುರಕ್ಕೆ ಸ್ವೆಟರ್ ಸಮೇತ ಹೋಗಿ. ಯಹೂದಿ ಹೊಸ ವರ್ಷಕ್ಕೂ ಯೋಮ್ ಕಿಪ್ಪುರ್ ಹಬ್ಬಕ್ಕೂ ರಜೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೋಗುವವರು ತಾರೀಖು ನೋಡಿಕೊಂಡು ಹೊರಡಿ.